ಹಳ್ಳಿಯ ಅಂಚೆಯವರ ಸಂಬಳ

ಹಳಗನ್ನಡ ಕಾವ್ಯಗಳ ಪರಿಚಯವುಳ್ಳವರಿಗೆ ‘ಅಂಚೆ’ ಎಂದೊಡನೆ ಮೊದಲು ನೆನಪಾಗುವುದು ಕಾಗದಪತ್ರವಲ್ಲ, ಹಂಸಪಕ್ಷಿ. ಸಂಸ್ಕೃತದ ಹಂಸವೇ ಕನ್ನಡದ ಬಾಯಲ್ಲಿ ಅಂಚೆಯಾಯಿತು. ಟಪ್ಪಾಲನ್ನೂ ನಾವು ಅಂಚೆಯೆಂದೇ ಕರೆಯುತ್ತ ಬಂದಿದ್ದೇವೆ. ಈ ಎರಡು ಶಬ್ದಗಳಿಗೆ ಹುಟ್ಟಿನ ಸಂಬಂಧವಿದೆಯೆ ಎಂಬ ಚರ್ಚೆಯನ್ನು ನಿಘಂಟುಕಾರರಿಗೆ ಬಿಡೋಣ. ನಳನ ಮಾತನ್ನು ದಮಯಂತಿಯ ಬಳಿಗೆ ಹೊತ್ತೊಯ್ದುದು ಹಂಸವೇ ಆದುದರಿಂದ, ಎರಡನ್ನೂ ಒಂದೇ ಶಬ್ದದಿಂದ ಕರೆಯುವುದು ಕನ್ನಡಿಗರಿಗೆ ಅಸಹಜವಾಗಿ ತೋರಿಲ್ಲವೆಂದಷ್ಟೇ ಹೇಳಬಹುದು. ಆ ಹಂಸಕ್ಕೆ ಸಂಬಳವಿರಲಿಲ್ಲ. ಹಿಡಿದವನು ಜೀವಸಹಿತ ಬಿಟ್ಟನೆಂಬ ಋಣಕ್ಕಾಗಿ ಅದು ವಿದರ್ಭದವರೆಗೆ ಹಾರಿತು. ಅದಕ್ಕೆ ಮನೆ, ಮಕ್ಕಳು, ಅಂಗಡಿಯ ಬಾಕಿ ಇದ್ದುವೆ ಎಂದು ಯಾವ ಕವಿಯೂ ವಿಚಾರಿಸಿದಂತಿಲ್ಲ. ನಮ್ಮ ದೇಶದ ಹಳ್ಳಿಗಳ ಅಂಚೆಯನ್ನು ನಡೆಸುವ ನಿಯಮಗಳನ್ನು ಓದಿದಾಗ, ಅವುಗಳನ್ನು ಬರೆದವರ ಕಣ್ಣ ಮುಂದೆಯೂ ಈ ಹಂಸವೇ ಇದ್ದಿತೇನೋ ಎಂಬ ಸಂಶಯ ಬರುತ್ತದೆ.

ಈ ನಿಯಮಗಳನ್ನು ಓದಬೇಕಾಗಿ ಬಂದುದು ಒಂದು ಸಣ್ಣ ಪ್ರಸಂಗದಿಂದ. ಕೆಲವು ವರ್ಷಗಳ ಹಿಂದೆ, ನಮ್ಮಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ತರಗತಿ ಮುಗಿದ ಮೇಲೆ ಒಂದು ಕಾಗದವನ್ನು ಹಿಡಿದುಕೊಂಡು ಬಂದಳು. ಹತ್ತನೆಯ ತರಗತಿಯ ಅಂಕಗಳ ಆಧಾರದ ಮೇಲೆ ಆಕೆ ತನ್ನ ಊರಿನ ಪಕ್ಕದ ಹಳ್ಳಿಗೆ ಶಾಖಾ ಪೋಸ್ಟ್‌ಮಾಸ್ಟರಾಗಿ ಆಯ್ಕೆಯಾಗಿದ್ದಳು. ತಂದೆ ತಾಯಿ ಇಬ್ಬರೂ ಕೂಲಿಯವರು, ಸ್ವಂತ ಜಮೀನಿಲ್ಲ. “ಸರ್, ಇದು ಸರ್ಕಾರಿ ಕೆಲಸವೆ?” ಎಂದು ಕೇಳಿದಳು. “ಅಂಚೆ ಸರ್ಕಾರದ್ದಲ್ಲದೆ ಮತ್ತೆ ಯಾರದಮ್ಮಾ?” ಎಂದು ನಾವು ನಕ್ಕೆವು. ಆಕೆ ನಗಲಿಲ್ಲ. ಮನೆಗೆ ಬಂದು ವಿಚಾರಿಸಿ ನೋಡಿದಾಗ, ನಾವು ಕೊಟ್ಟ ಉತ್ತರ ತಪ್ಪಾಗಿದ್ದಿತೆಂದೂ, ಸರಿಯಾದ ಉತ್ತರವನ್ನು ಕೊಡಬಲ್ಲವರು ದೆಹಲಿಯಲ್ಲಿಯೂ ಇಲ್ಲವೆಂದೂ ತಿಳಿಯಿತು.

ಭಾರತದಲ್ಲಿ 1 ಲಕ್ಷ 64 ಸಾವಿರಕ್ಕೂ ಹೆಚ್ಚು ಅಂಚೆಕಚೇರಿಗಳಿವೆ. ಅವುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಹಳ್ಳಿಗಳಲ್ಲಿವೆ. ಈ ಹಳ್ಳಿಯ ಕಚೇರಿಗಳ ಬಹುಪಾಲನ್ನು ನಡೆಸುವವರು ಇಲಾಖೆಯ ಕಾಯಂ ನೌಕರರಲ್ಲ; ‘ಗ್ರಾಮೀಣ ಡಾಕ್ ಸೇವಕ’ರೆಂಬ ಬೇರೊಂದು ವರ್ಗ. 2024ರಲ್ಲಿ ಸರ್ಕಾರವೇ ಹೇಳಿದ ಲೆಕ್ಕದಂತೆ ಇವರ ಸಂಖ್ಯೆ 2 ಲಕ್ಷ 56 ಸಾವಿರಕ್ಕೂ ಹೆಚ್ಚು. ಹಿಂದೆ ಇವರಿಗಿದ್ದ ಹೆಸರು ‘ಇಲಾಖೇತರ ಏಜೆಂಟರು’ ಎಂದು, 2001ರಲ್ಲಿ ‘ಸೇವಕ’ರಾದರು. ಹೆಸರು ಬದಲಾಯಿತು, ಇಲಾಖೆಯ ಹೊಸಲು ಅಲ್ಲಿಯೇ ಉಳಿಯಿತು.

ಈ ಪದ್ಧತಿ ನೂರೈವತ್ತು ವರ್ಷಗಳಿಗೂ ಹಳೆಯದು. ಪೂರ್ಣಕಾಲದ ನೌಕರನಿಗೆ ಸಾಲುವಷ್ಟು ಕೆಲಸವಿಲ್ಲದ ಹಳ್ಳಿಗಳಿಗೂ ಅಂಚೆಯನ್ನು ಮುಟ್ಟಿಸಬೇಕೆಂದು ಬ್ರಿಟಿಷರ ಕಾಲದ ಇಲಾಖೆ ಒಂದು ಜಾಣತನದ ದಾರಿಯನ್ನು ಕಂಡುಕೊಂಡಿತು. ಊರಿನ ಶಾಲಾಮಾಸ್ತರರೋ, ಕಿರಾಣಿ ಅಂಗಡಿಯವರೋ, ಜಮೀನುದಾರರೋ ತಮ್ಮ ಸ್ವಂತ ಕೆಲಸದ ನಡುವೆ ಒಂದೆರಡು ಘಂಟೆ ಅಂಚೆಯನ್ನು ನೋಡಿಕೊಳ್ಳಲಿ. ಅವರ ಜಗಲಿಯೇ ಕಚೇರಿಯಾಗಲಿ. ಶ್ರಮಕ್ಕೆ ಒಂದಿಷ್ಟು ಭತ್ಯೆ ಕೊಡೋಣ ಎಂದು. ಆ ಕಾಲಕ್ಕೆ ಇದು ಅನ್ಯಾಯವೇನೂ ಆಗಿರಲಿಲ್ಲ. ಉಂಡು ಸುಖವಾಗಿದ್ದವರಿಗೆ ಅಂಚೆಯ ಮೊಹರು ಇನ್ನೊಂದು ಮರ್ಯಾದೆಯಷ್ಟೆ. ನಮ್ಮ ಮೈಸೂರು ಸೀಮೆಯಲ್ಲಿ ಇದಕ್ಕೂ ಹಿಂದಿನ ಅಂಚೆಯೊಂದಿತ್ತು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಸ್ಥಾಪಿಸಿದುದೆಂದು ಹೇಳುವ ಆ ಅಂಚೆಯವರು ಕಾಗದ ಒಯ್ಯುವುದರ ಜೊತೆಗೆ ಊರೂರಿನ ಸುದ್ದಿಯನ್ನೂ ಅರಮನೆಗೆ ಮುಟ್ಟಿಸುತ್ತಿದ್ದರು. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯಲ್ಲಿ ಲೀನವಾಯಿತು. ಶಬ್ದ ಮಾತ್ರ ನಮ್ಮದಾಗಿ ಉಳಿಯಿತು.

ಇಂದು ಸೇವಕರ ಆಯ್ಕೆ ಹೇಗೆ ನಡೆಯುತ್ತದೆಂಬುದನ್ನು ನೋಡಿದರೆ ಕಾಲ ಎಷ್ಟು ಮುಂದೆ ಬಂದಿದೆಯೆಂಬುದು ಗೊತ್ತಾಗುತ್ತದೆ. ಹತ್ತನೆಯ ತರಗತಿಯ ಅಂಕಗಳೇ ಅಳತೆ, ಪ್ರತ್ಯೇಕ ಪರೀಕ್ಷೆಯಿಲ್ಲ, ಸಂದರ್ಶನವಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳಿಗೆ ಮೀಸಲಾತಿಯಿದೆ. ಹೆಣ್ಣುಮಕ್ಕಳು ಅರ್ಜಿಶುಲ್ಕವಿಲ್ಲದೆ ಅರ್ಜಿ ಹಾಕಬಹುದು. ಯಾವ ಜಗಲಿಯ ಕೆಳಗೆ ನಿಂತು ಅಜ್ಜ ಮನಿಯಾರ್ಡರಿಗೆ ಹೆಬ್ಬೆಟ್ಟು ಒತ್ತಿದ್ದನೋ, ಅಂಥ ಜಗಲಿಯ ಮೇಲೆ ಮೊಮ್ಮಗಳು ಕುಳಿತು ಮೊಹರು ಒತ್ತುವ ದಿನ ಬಂದಿದೆ. ಸ್ವತಂತ್ರ ಭಾರತದಲ್ಲಿ ಸಂತೋಷಪಡಬೇಕಾದ ಸಂಗತಿಗಳಲ್ಲಿ ಇದೂ ಒಂದು. ಇದನ್ನು ಸಣ್ಣದೆಂದು ನಾವು ಎಣಿಸುವುದಿಲ್ಲ.

ಆದರೆ ಬಾಗಿಲನ್ನು ತೆರೆದವರು ಒಳಗಿನ ಮನೆಯನ್ನು ಹಾಗೆಯೇ ಬಿಟ್ಟರು. ಡಾಕ್ ಸೇವಕರ ನಡತೆ ಮತ್ತು ನೇಮಕದ ನಿಯಮಗಳು ಏನು ಹೇಳುತ್ತವೆ? ಸೇವಕನನ್ನು ದಿನಕ್ಕೆ 5 ಘಂಟೆಗಳಿಗಿಂತ ಹೆಚ್ಚು ದುಡಿಸತಕ್ಕದ್ದಲ್ಲ. ತನ್ನ ಮತ್ತು ತನ್ನ ಕುಟುಂಬದ ಜೀವನಕ್ಕೆ ಸಾಕಾಗುವಂತೆ ಈ ಭತ್ಯೆಯಲ್ಲದೆ ಬೇರೆ ಆದಾಯದ ಮೂಲ ಅವನಿಗಿರತಕ್ಕದ್ದು. ಅವನು ಕೇಂದ್ರದ ನಾಗರಿಕ ಸೇವೆಯ ಹೊರಗಿನವನು. ತಾನು ಸರ್ಕಾರಿ ನೌಕರರಿಗೆ ಸಮನೆಂದು ಹಕ್ಕು ಹೇಳತಕ್ಕದ್ದಲ್ಲ. ಈ ಕಡೆಯ ವಾಕ್ಯವನ್ನು ನಾವು ಎರಡು ಬಾರಿ ಓದಿದೆವು. ಇಂಥದನ್ನು ಕೊಡುವುದಿಲ್ಲವೆಂದು ಧಣಿಯಾದವನು ಹೇಳುವುದು ಲೋಕರೂಢಿ; ಕೇಳಲೂ ಕೂಡದೆಂದು ನಿಯಮದಲ್ಲಿಯೇ ಬರೆದಿಡುವುದು ಅಪರೂಪ.

ಬೇರೆ ಆದಾಯದ ಮೂಲ ಇರತಕ್ಕದ್ದು ಎಂಬ ಮಾತೇ ಈ ಇಡೀ ಕಟ್ಟಡದ ತಳಗಲ್ಲು. ಅಂಗಡಿಯವನೋ ಜಮೀನುದಾರನೋ ಅಂಚೆ ನಡೆಸುತ್ತಿದ್ದಾಗ ಅದು ನಿಜವಾಗಿತ್ತು. ಕೂಲಿಯವರ ಮಗಳು ಅಂಕಗಳ ಬಲದಿಂದ ಬಂದಾಗ ಅದು ಸುಳ್ಳಾಯಿತು. ಆಕೆಯೂ ಆ ಮಾತಿಗೆ ಒಪ್ಪಿಗೆಯ ರುಜು ಹಾಕಿಯೇ ಕೆಲಸಕ್ಕೆ ಸೇರಬೇಕು. ಯಾವ ಆದಾಯ ಎಂದರೆ, ತಾಯಿಯ ಕಳೆಕೂಲಿ. ಹೀಗೆ, ಎಲ್ಲರಿಗೂ ಬಾಗಿಲು ತೆರೆದ ಸರ್ಕಾರವೇ, ಒಳಗೆ ಬರುವವರೆಲ್ಲ ಉಳ್ಳವರೆಂದು ಭಾವಿಸಿಕೊಂಡೇ ಕೂಲಿಯನ್ನು ಲೆಕ್ಕ ಹಾಕುತ್ತಿದೆ.

ಕೂಲಿಯೆಂದೆವು, ಸಂಬಳವೆಂದು ಕರೆಯುವಂತಿಲ್ಲ. ಇದಕ್ಕೆ ‘ಕಾಲಸಂಬಂಧಿ ನಿರಂತರತಾ ಭತ್ಯೆ’ ಎಂಬ ಅರ್ಥವಾಗುವ ಬಗೆಯ ಹೆಸರು. ಕಮಲೇಶ್ ಚಂದ್ರ ಸಮಿತಿಯ ವರದಿ 2016ರಲ್ಲಿ ಬಂದಿತು. ಅದು ಕಡತದಲ್ಲಿಯೇ ಮಲಗಿದ್ದುದರಿಂದ 2018ರ ಮೇ 22ರಿಂದ 16 ದಿನ ಸೇವಕರು ಮುಷ್ಕರ ಹೂಡಿದರು. ಜೂನ್ 6ರಂದು ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಅಂದಿನಿಂದ ಶಾಖಾ ಪೋಸ್ಟ್‌ಮಾಸ್ಟರಿಗೆ 4 ಘಂಟೆಯ ಕೆಲಸಕ್ಕೆ ತಿಂಗಳಿಗೆ 12,000 ರೂಪಾಯಿ, 5 ಘಂಟೆಗೆ 14,500. ಸಹಾಯಕರಿಗೆ 10,000 ಮತ್ತು 12,000 ಎಂಬ ದರ ಬಂದಿತು. ಕೇಂದ್ರ ನೌಕರರ ಪ್ರಮಾಣದಲ್ಲಿಯೇ ತುಟ್ಟಿಭತ್ಯೆಯೂ, ವರ್ಷಕ್ಕೆ ನೂರಕ್ಕೆ ಮೂರರ ಏರಿಕೆಯೂ ಇವರಿಗೆ ಉಂಟೆಂಬುದನ್ನೂ, 65ನೆಯ ವಯಸ್ಸಿನವರೆಗೆ ಕೆಲಸದಲ್ಲಿರಬಹುದೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಹಿಂದಿದ್ದ ದರಕ್ಕೆ ಹೋಲಿಸಿದರೆ ಇದು ದೊಡ್ಡ ಏರಿಕೆಯೇ ಸರಿ.

ಇಷ್ಟಾದರೂ ಲೆಕ್ಕವನ್ನು ಸ್ವಲ್ಪ ಮುಂದುವರಿಸಿ ನೋಡಿ. 10,000 ರೂಪಾಯಿಯಿಂದ ಆರಂಭಿಸಿದ ಸಹಾಯಕನ ಮೂಲಭತ್ಯೆ, ವರ್ಷಕ್ಕೆ ನೂರಕ್ಕೆ ಮೂರರಂತೆ ಏರಿ, 18,000ವನ್ನು ಮುಟ್ಟುವುದು ಇಪ್ಪತ್ತು ವರ್ಷಗಳ ಮೇಲೆ. ಏಳನೆಯ ವೇತನ ಆಯೋಗದಂತೆ ಕೇಂದ್ರ ಸರ್ಕಾರದ ಅತ್ಯಂತ ಕೆಳಗಿನ ಹುದ್ದೆಯವನು ಮೊದಲ ತಿಂಗಳಲ್ಲಿಯೇ ಪಡೆದ ಮೂಲವೇತನ ಅದು. ಅವನದು ಎಂಟು ಘಂಟೆಯ ಕೆಲಸ, ಇವನದು ನಾಲ್ಕು ಘಂಟೆಯದು. ಘಂಟೆಯ ಲೆಕ್ಕ ಹಾಕಿದರೆ ಇವನಿಗೇ ಹೆಚ್ಚು ಬಿತ್ತಲ್ಲವೆ ಎಂದು ಲೆಕ್ಕಿಗರು ಕೇಳಬಹುದು. ಒಪ್ಪಿದೆವು. ಆದರೆ ಆ ನಾಲ್ಕು ಘಂಟೆಗಳು ದಿನದ ಯಾವ ಭಾಗದಲ್ಲಿ ಬೀಳುತ್ತವೆಂಬುದನ್ನು ನೋಡಿಕೊಂಡು ಮಾತಾಡಬೇಕು.

ಟಪ್ಪಾಲು ಚೀಲ ಬರುವುದು ಬಸ್ಸಿನಲ್ಲಿ. ಬಸ್ಸು ಬರುವುದು ಅದರ ಇಷ್ಟದಂತೆ. ಚೀಲ ಬಂದ ಮೇಲೆ ಕಾಗದಗಳಿಗೆ ಮೊಹರು ಒತ್ತಬೇಕು, ಲೆಕ್ಕ ಬರೆಯಬೇಕು, ಕೈಯಂತ್ರದಲ್ಲಿ ದಾಖಲಿಸಬೇಕು. ಸಂಕೇತ ಸಿಕ್ಕದ ಮಲೆನಾಡಿನ ಊರುಗಳಲ್ಲಿ ಆ ಯಂತ್ರವನ್ನು ಹಿಡಿದುಕೊಂಡು ಗುಡ್ಡ ಹತ್ತಬೇಕು. ಆಮೇಲೆ ಸೈಕಲ್ಲಿನ ಮೇಲೋ ನಡೆದೋ ಬಟವಾಡೆ. ಆಷಾಢದ ಮಳೆಯಲ್ಲಿ ಘಟ್ಟದ ಒಂದೊಂದು ಮನೆಗೂ ಒಂದೊಂದು ಹಳ್ಳ ದಾಟಬೇಕಾದ ಕಡೆಗಳಿವೆ. 2018ರ ಸೆಪ್ಟೆಂಬರ್ 1ರಂದು ಅಂಚೆ ಪಾವತಿ ಬ್ಯಾಂಕು ಆರಂಭವಾದ ಮೇಲೆ ಮನೆಯ ಬಾಗಿಲಿಗೆ ಹೋಗಿ ಹಣ ಕೊಡುವ, ಹಣ ಕಟ್ಟಿಸಿಕೊಳ್ಳುವ ಕೆಲಸವೂ ಇವರ ಹೆಗಲೇರಿದೆ. ವಿಮೆ, ಉಳಿತಾಯ ಖಾತೆ ಇವುಗಳಿಗೆ ಗುರಿಗಳು ಬೇರೆ. ಮುದುಕಿಯೊಬ್ಬಳ ಬೆರಳಚ್ಚನ್ನು ಯಂತ್ರ ಗುರುತಿಸಲಿಲ್ಲವೆಂದಾದರೆ, ಬೆರಳನ್ನು ಸೆರಗಿನಿಂದ ಒರೆಸಿ ಮತ್ತೆ ಮತ್ತೆ ಒತ್ತಿಸುವ ಹೊತ್ತು ಯಾವ ಲೆಕ್ಕದ ಪುಸ್ತಕದಲ್ಲಿ ಬರುತ್ತದೆ? ನಡುಹಗಲನ್ನೆಲ್ಲ ಹೀಗೆ ಒಡೆದು ತೆಗೆದುಕೊಂಡ ಮೇಲೆ ಉಳಿಯುವುದು ಬೆಳಗಿನ ಒಂದು ತುಂಡು, ಸಂಜೆಯ ಒಂದು ತುಂಡು. ಆ ತುಂಡುಗಳನ್ನು ಕೊಳ್ಳುವ ಧಣಿ ಹಳ್ಳಿಯಲ್ಲಿಲ್ಲ. ಪೂರ್ತಿ ದಿನ ಬಾರದವನನ್ನು ಕೂಲಿಗೆ ಕರೆಯುವವರಾರು? ಕಾಗದದ ಮೇಲೆ ಅರ್ಧದಿನವನ್ನಷ್ಟೇ ಕೊಂಡ ಇಲಾಖೆ ದಿನವಿಡೀ ಅವನನ್ನು ಕಟ್ಟಿಹಾಕಿದೆ.

ಕೋಣೆಯ ಮಾತಿಗೆ ಬರೋಣ. ಶಾಖಾ ಪೋಸ್ಟ್‌ಮಾಸ್ಟರಾಗಿ ಆಯ್ಕೆಯಾದವರು ಕಚೇರಿಗೆ ಜಾಗವನ್ನು ತಾವೇ ಒದಗಿಸಬೇಕು. ಜಮೀನುದಾರರ ಜಗಲಿಯ ಕಾಲದ ನಿಯಮ ಇದೂ. ಇದಕ್ಕೆಂದು ಸಿಗುವುದು ಒಂದು ಸಣ್ಣ ಭತ್ಯೆ. ನಮ್ಮ ವಿದ್ಯಾರ್ಥಿನಿಯ ಮನೆ ಒಂದೂವರೆ ಕೋಣೆಯದು; ಅದೂ ಬೇರೆ ಊರಿನಲ್ಲಿ. ಹೊಸ ಊರಿನ ನಡುಬೀದಿಯಲ್ಲಿ ಬಾಡಿಗೆಗೆ ಒಂದು ಕೋಣೆ ಕೇಳಲು ತಂದೆ ಮಗಳು ಹೋದರು. ಮೊದಲನೆಯ ಮನೆಯವರು ಕುಳ್ಳಿರಿಸಿ, ನೀರು ಕೊಟ್ಟು, ಯಾವ ಕೇರಿಯವರೆಂದು ವಿಚಾರಿಸಿ, ಮಗನನ್ನು ಕೇಳಿ ಹೇಳುತ್ತೇವೆಂದರು. ಎರಡನೆಯ ಮನೆಯವರು ನೀರನ್ನೂ ಕೊಡಲಿಲ್ಲ. ಮೂರನೆಯವರು ಈಗಾಗಲೇ ಮಾತಾಗಿಬಿಟ್ಟಿದೆಯೆಂದರು. ಆ ಕೋಣೆ ಇವತ್ತಿಗೂ ಖಾಲಿಯಿದೆಯಂತೆ. ಕಡೆಗೆ ಹಾಲಿನ ಡೇರಿಯವರು ಕ್ಯಾನುಗಳನ್ನಿಡುವ ಕೊಟ್ಟಿಗೆಯ ಒಂದು ಮೂಲೆಯನ್ನು ಬಿಟ್ಟುಕೊಟ್ಟರು. ಆಯ್ಕೆಯ ಪಟ್ಟಿಯಲ್ಲಿ ಸರ್ಕಾರ ಯಾರ ಜಾತಿಯನ್ನು ನೋಡಿ ಹಕ್ಕಿನ ಸ್ಥಾನ ಕೊಟ್ಟಿತೋ, ಅವರನ್ನು ಅದೇ ಜಾತಿಯನ್ನು ನೋಡಿ ಕದ ಹಾಕುವವರ ಬಾಗಿಲಿಗೆ ಬಾಡಿಗೆ ಕೇಳಲು ಕಳಿಸಿತು. ಗ್ರಾಮ ಪಂಚಾಯಿತಿಯ ಕಟ್ಟಡದಲ್ಲಿ ಅಂಚೆಗೆಂದು ಒಂದು ಕೋಣೆಯನ್ನು ಕೊಡಿಸುವುದು ಅಸಾಧ್ಯದ ಕೆಲಸವೇನಲ್ಲ. ಕೆಲವು ಊರುಗಳಲ್ಲಿ ಹಾಗೆ ನಡೆದೂ ಇದೆ. ಅದನ್ನು ಎಲ್ಲ ಊರಿಗೂ ನಿಯಮವಾಗಿ ಮಾಡಬಾರದೇಕೆ?

ಇನ್ನು, ಇದು ಸರ್ಕಾರಿ ಕೆಲಸವೆ ಎಂಬ ಆಕೆಯ ಪ್ರಶ್ನೆ. 1977ರಲ್ಲಿ ರಾಜಮ್ಮ ಪ್ರಕರಣವೆಂದು ಹೆಸರಾದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ, ಇಲಾಖೇತರ ಏಜೆಂಟರು ಸಂವಿಧಾನದ 311ನೆಯ ವಿಧಿಯ ಅರ್ಥದಲ್ಲಿ ನಾಗರಿಕ ಹುದ್ದೆಯನ್ನು ಹೊಂದಿದವರು, ಅವರನ್ನು ವಿಚಾರಣೆಯಿಲ್ಲದೆ ತೆಗೆದುಹಾಕುವಂತಿಲ್ಲ ಎಂದಿತು. ಅಂದರೆ ತೆಗೆದುಹಾಕುವ ಮಟ್ಟಿಗೆ ಸರ್ಕಾರಿ ಕೆಲಸ. 2015ರಲ್ಲಿ ವರದಿ ಕೊಟ್ಟ ಏಳನೆಯ ವೇತನ ಆಯೋಗ ಇವರನ್ನು ಕಾಯಂ ನೌಕರರಿಗೆ ಸಮನೆಂದೆಣಿಸಲು ಒಪ್ಪಲಿಲ್ಲ. ಅಂದರೆ ಸಂಬಳದ ಮಟ್ಟಿಗೆ ಅಲ್ಲ. ಮುಂದೆ ಪರೀಕ್ಷೆ ಬರೆದು ಕಾಯಂ ನೌಕರರಾದವರಿಗೂ, ಸೇವಕರಾಗಿ ದುಡಿದ ವರ್ಷಗಳನ್ನು ಪಿಂಚಣಿಯ ಅರ್ಹತೆಗೆ ಕೂಡಿಸಲು ಈಗಿನ ನಿಯಮದಲ್ಲಿ ಎಡೆಯಿಲ್ಲವೆಂದು 2019ರ ನವೆಂಬರಿನಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅಂದರೆ ಮುಪ್ಪಿನ ಮಟ್ಟಿಗೂ ಅಲ್ಲ. 2020ರ ಏಪ್ರಿಲಿನಲ್ಲಿ, ಕೋವಿಡ್ ಮಹಾಮಾರಿ ಹಬ್ಬಿದ್ದಾಗ, ಕರ್ತವ್ಯದಲ್ಲಿದ್ದು ಆ ರೋಗದಿಂದ ಮಡಿದ ಅಂಚೆಯವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರವನ್ನು ಇಲಾಖೆ ಪ್ರಕಟಿಸಿತು. ಅದರಲ್ಲಿ ಡಾಕ್ ಸೇವಕರನ್ನೂ ಸೇರಿಸಿತು. ಸತ್ತರೆ ಸಮಾನರು. ಆ ಔದಾರ್ಯವನ್ನು ಹಳಿಯುವ ಉದ್ದೇಶ ನಮಗಿಲ್ಲ. ಬದುಕಿದವರಿಗೂ ಅದು ಮುಟ್ಟಲಿ ಎಂಬುದಷ್ಟೇ ಕೋರಿಕೆ.

2024ರ ಮಾರ್ಚಿನಲ್ಲಿ ಇವರಿಗೆಂದು ಬಡ್ತಿಗೆ ಬದಲಾದ ಒಂದು ಆರ್ಥಿಕ ಉನ್ನತಿಯ ಯೋಜನೆಯನ್ನು ಸರ್ಕಾರ ಸಾರಿತು. 12 ವರ್ಷ ದುಡಿದವರಿಗೆ ವರ್ಷಕ್ಕೆ 4,320 ರೂಪಾಯಿ, 24 ವರ್ಷಕ್ಕೆ 5,520, 36 ವರ್ಷಕ್ಕೆ 7,200. ದೊಡ್ಡ ಸಂಖ್ಯೆಯಾಗಿ ತೋರಲೆಂದೋ ಏನೋ ವರ್ಷದ ಲೆಕ್ಕದಲ್ಲಿ ಹೇಳಿದ್ದಾರೆ. ತಿಂಗಳಿಗೆ ಭಾಗಿಸಿದರೆ ಮೊದಲನೆಯದು 360 ರೂಪಾಯಿ.

‘ಸೇವೆ’ ಎಂಬ ಶಬ್ದದ ಮೇಲೆ ನಮಗೆ ಬಹುದಿನದ ಗುಮಾನಿಯಿದೆ. ಗುಡಿಯಲ್ಲಿ ಅದು ದೊಡ್ಡ ಶಬ್ದ. ದಾಸರ ಬಾಯಲ್ಲಿ ಇನ್ನೂ ದೊಡ್ಡದು. ಕಚೇರಿಯ ಕಡತದಲ್ಲಿ ಅದು ಕಂಡರೆ ಅಲ್ಲೆಲ್ಲೋ ಒಂದು ಸಂಬಳ ಕಡಿಮೆಯಾಗಿದೆಯೆಂದು ತಿಳಿಯಬೇಕು. ಅಂಗನವಾಡಿಯ ತಾಯಂದಿರಿಗೆ, ಆಶಾ ಕಾರ್ಯಕರ್ತೆಯರಿಗೆ ಕೊಡುವುದು ಗೌರವಧನ. ಹಳ್ಳಿಯ ಅಂಚೆಯವರಿಗೆ ಕೊಡುವುದು ಭತ್ಯೆ. ದೂರವೇಕೆ, ನಮ್ಮ ಕಾಲೇಜುಗಳಲ್ಲಿಯೇ ವರ್ಷಾನುಗಟ್ಟಲೆ ಪಾಠ ಹೇಳುವವರನ್ನು ‘ಅತಿಥಿ’ಗಳೆಂದು ಕರೆದು ಊಟ ಬಡಿಸದೆ ಕುಳ್ಳಿರಿಸಿದ್ದೇವೆ. ಸಾಹಿತಿಗಳಾದ ನಾವೂ ಇದರಲ್ಲಿ ನಿರ್ದೋಷಿಗಳಲ್ಲ. ಆರ್.ಕೆ. ನಾರಾಯಣರ ಮಾಲ್ಗುಡಿಯ ತಾನಪ್ಪ ಮದುವೆಯೊಂದು ನಿಲ್ಲಬಾರದೆಂದು ಸಾವಿನ ಸುದ್ದಿಯನ್ನು ತಡೆಹಿಡಿದಾಗ ನಾವು ಕಣ್ಣು ಒರೆಸಿಕೊಂಡೆವು. ಅವನಿಗೆ ತಿಂಗಳಿಗೆ ಎಷ್ಟು ಬರುತ್ತಿತ್ತೆಂದು ಕೇಳಲಿಲ್ಲ.

ಭಾಷೆಯ ವಿಷಯವನ್ನೂ ಹೇಳದೆ ಬಿಡಲಾಗದು. 2019ರ ಜುಲೈ 14ರಂದು ಅಂಚೆ ಇಲಾಖೆಯ ಪರೀಕ್ಷೆಯೊಂದು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ನಡೆದು, ತಮಿಳುನಾಡಿನ ಸದಸ್ಯರು ರಾಜ್ಯಸಭೆಯಲ್ಲಿ ಎದ್ದುನಿಂತ ಮೇಲೆ ಎರಡು ದಿನಗಳಲ್ಲಿ ರದ್ದಾಯಿತು. ಡಾಕ್ ಸೇವಕರ ಆಯ್ಕೆಗೆ ಹತ್ತನೆಯ ತರಗತಿಯವರೆಗೆ ಸ್ಥಳೀಯ ಭಾಷೆಯನ್ನು ಓದಿರಬೇಕೆಂಬ ನಿಯಮವಿರುವುದು ಸರಿಯಾದುದೇ. ಅದು ಕಾಗದದ ಮೇಲಷ್ಟೇ ಉಳಿಯದಂತೆ ನೋಡಿಕೊಳ್ಳಬೇಕು. ಇದು ಬರಿಯ ಅಭಿಮಾನದ ಮಾತಲ್ಲ. ಸಂಧ್ಯಾ ಸುರಕ್ಷೆಯ ಹಣ ಈ ತಿಂಗಳು ಏಕೆ ಬರಲಿಲ್ಲವೆಂದು ಕೇಳುವ ಅಜ್ಜಿಗೆ, ಆಕೆಯ ಮಾತಿನಲ್ಲಿ ಉತ್ತರ ಹೇಳಬಲ್ಲವರೇ ಅಂಚೆಯವರು. ಎಲ್ಲ ಕೇರಿಗಳಿಂದಲೂ ಜನ ಈ ಕೆಲಸಕ್ಕೆ ಬರಬೇಕಾದುದೂ ಇದೇ ಕಾರಣಕ್ಕೆ. ಎಲ್ಲ ಮನೆಗಳ ಕದವನ್ನೂ ತಟ್ಟಬೇಕಾದ ಸೇವೆ ಅದು.

ಅಂಚೆ ನಷ್ಟದಲ್ಲಿದೆ, ಕಾಗದ ಬರೆಯುವವರಿಲ್ಲ, ಎರಡೂವರೆ ಲಕ್ಷ ಜನರನ್ನು ಕಾಯಂ ಮಾಡಿದರೆ ಬೊಕ್ಕಸ ತಾಳದು ಎಂಬ ವಾದವನ್ನು ನಾವು ಹಗುರಾಗಿ ತಳ್ಳಿಹಾಕುವುದಿಲ್ಲ. ಕಾಗದ ಕಡಿಮೆಯಾದುದು ನಿಜ. ರಿಜಿಸ್ಟರ್ಡ್ ಅಂಚೆಯೇ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಆದರೆ ನಷ್ಟವನ್ನು ದೇಶ ಹೊರಬೇಕೆ, ದೇಶದ ಅತ್ಯಂತ ಕೆಳಗಿನ ಮೆಟ್ಟಿಲಿನ ನೌಕರ ಹೊರಬೇಕೆ ಎಂಬುದು ಬೇರೆಯೇ ಪ್ರಶ್ನೆ. ಬ್ಯಾಂಕುಗಳು ಹೋಗಲೊಲ್ಲದ ಊರಿಗೆ ಇವರನ್ನು ಬ್ಯಾಂಕಾಗಿ ಕಳಿಸುವಾಗ ಕೆಲಸವಿಲ್ಲವೆಂಬ ವಾದ ಎಲ್ಲಿ ಹೋಗುತ್ತದೆ? ಇಷ್ಟೆಲ್ಲ ಕೆಲಸ ಸೇರಿಸಿದ ಮೇಲೆ ಅದನ್ನು ಎಂಟು ಘಂಟೆಯ ಕೆಲಸವೆಂದು ಒಪ್ಪಿ, ಹಾಗೆ ಒಪ್ಪಬಹುದಾದ ಕಚೇರಿಗಳಿಂದಲೇ ಆರಂಭಿಸಬಹುದು. ಸೇವಕರಾಗಿ ಕಳೆದ ವರ್ಷಗಳಲ್ಲಿ ಒಂದು ಭಾಗವನ್ನಾದರೂ ಪಿಂಚಣಿಗೆ ಎಣಿಸಲು ನಿಯಮವನ್ನು ತಿದ್ದಬಹುದು. ನಿಯಮವಿಲ್ಲವೆಂದು ನ್ಯಾಯಾಲಯ ಹೇಳಿದೆಯೇ ಹೊರತು ನಿಯಮ ಮಾಡಬಾರದೆಂದು ಹೇಳಿಲ್ಲ. ‘ಬೇರೆ ಆದಾಯ ಇರತಕ್ಕದ್ದು’ ಎಂಬ ಸಾಲನ್ನು ಹೊಡೆದುಹಾಕಲು ಬೊಕ್ಕಸದಿಂದ ಒಂದು ಕಾಸೂ ಬೇಕಿಲ್ಲ. 2025ರಲ್ಲಿ ಎಂಟನೆಯ ವೇತನ ಆಯೋಗ ರಚನೆಯಾದಾಗಲೇ ಇವರ ಮಾತನ್ನೂ ಅದರ ಮುಂದಿಡಬೇಕೆಂಬ ಕೂಗು ಎದ್ದಿತು. ಪ್ರತಿ ಸಲವೂ ಇವರಿಗೆ ಬೇರೆ ಸಮಿತಿ, ಬೇರೆ ಪಂಕ್ತಿ ಎಂಬ ಪದ್ಧತಿಯನ್ನು ಈ ಬಾರಿಯಾದರೂ ಮುರಿಯಬೇಕು.

ನಮ್ಮ ವಿದ್ಯಾರ್ಥಿನಿ ಕೆಲಸಕ್ಕೆ ಸೇರಿದಳು, ಕಾಲೇಜು ಬಿಟ್ಟಳು. ನಿಲ್ಲೆಂದು ಹೇಳುವ ಧೈರ್ಯ ನಮಗಾಗಲಿಲ್ಲ. ಈಗ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಹೆಸರು ನೋಂದಾಯಿಸಿಕೊಂಡು ಬಿ.ಎ.ಯನ್ನು ಮುಗಿಸುವ ಯತ್ನದಲ್ಲಿದ್ದಾಳೆ. ಹಳಗನ್ನಡದ ಪದ್ಯಭಾಗದ ಟಿಪ್ಪಣಿ ಬೇಕೆಂದು ಕಳೆದ ತಿಂಗಳು ಬಂದಿದ್ದಳು. ಪರೀಕ್ಷೆಯ ದಿನಗಳಿಗೆ ರಜೆ ಹಾಕಬೇಕು; ರಜೆ ಹಾಕುವವರು ಬದಲಿ ಆಳನ್ನು ತಾವೇ ಹುಡುಕಿ ಒಪ್ಪಿಸುವುದು ಹಳ್ಳಿಯ ಅಂಚೆಯಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ತಮ್ಮನನ್ನು ನಿಲ್ಲಿಸೋಣವೆಂದರೆ ಅವನು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದಾನೆ. ಟಿಪ್ಪಣಿಯನ್ನು ತೆಗೆದುಕೊಂಡು, ಮೂರೂವರೆಯ ಬಸ್ಸಿಗೆ ಚೀಲ ಹಾಕಬೇಕೆಂದು ಕಾಫಿಯನ್ನೂ ಕುಡಿಯದೆ ಹೊರಟುಹೋದಳು.